ರದ್ದಿ ವಸ್ತುಗಳ ಪುಟ್ಟ ಕಲಾಕೃತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲಿ, ಅಂಗಡಿಯಲ್ಲಿ, ಹೊಲದಲ್ಲಿ ಬಿಸಾಡುವ ವಸ್ತುಗಳಿಂದ ಅಂಗೈಯಗಲದ ಮಿಶ್ರ ಮಾಧ್ಯಮ ಕಲಾಕೃತಿಗಳನ್ನು ಮಾಡುವುದರ ಕುರಿತು ಓದುಗರಿಂದ ಪ್ರಶ್ನೆಗಳನ್ನು ಆಹ್ವಾನಿಸಲಾಗಿತ್ತು. ಕಲಬುರಗಿ, ಬೀದರ ಮತ್ತು ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ. ಒಂದಕ್ಕೊಂದು ಒಗ್ಗದ ಎರಡು ವಸ್ತುಗಳನ್ನು ಹೇಗೆ ಕೂಡಿಸಬೇಕು ಎಂಬ ಪ್ರಶ್ನೆಯೇ ಬೇರೆ ಬೇರೆ ರೂಪದಲ್ಲಿ ಹೆಚ್ಚಿನ ಪತ್ರಗಳಲ್ಲಿದೆ. ಈ ಕಲೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲವೆಂದು ನನ್ನ ನಂಬಿಕೆ. ಕೃತಿ ಎಷ್ಟು ಕಾಲ ಬಾಳುತ್ತದೆ ಎಂಬುದೂ, ನೋಡಲು ಹೇಗಿರುತ್ತದೆ ಎಂಬುದೂ ಆ ಕೂಡಿಕೆಯಲ್ಲೇ ತೀರ್ಮಾನವಾಗುತ್ತದೆ.

ಪ್ರಶ್ನೆ: ಸೋಡಾ ಬಾಟಲಿಯ ಬಿರಡೆ, ಪ್ಲಾಸ್ಟಿಕ್ ಮುಚ್ಚಳ, ಹಳೆಯ ಕೀಲಿಕೈ, ನಟ್ಟು ಬೋಲ್ಟುಗಳನ್ನು ಪ್ಲೈವುಡ್ ತುಂಡಿನ ಮೇಲೆ ಫೆವಿಕಾಲ್ ಹಚ್ಚಿ ಕೂಡಿಸಿದ್ದೆ. ಕೆಲವೇ ವಾರಗಳಲ್ಲಿ ಉದುರತೊಡಗಿದವು. ಆಮೇಲೆ ಗ್ಲೂ ಗನ್ ಬಳಸಿದೆ; ಮೇ ತಿಂಗಳಲ್ಲಿ ಅದೂ ಬಿಟ್ಟಿತು. ನಮ್ಮದು ಪತ್ರಾಸಿನ, ಅಂದರೆ ತಗಡಿನ ಚಾವಣಿಯ ಮನೆ. ಯಾವ ಅಂಟು ಬಳಸಬೇಕು?
— ಐಟಿಐ ವಿದ್ಯಾರ್ಥಿ, ಯಾದಗಿರಿ

ಉತ್ತರ: ಫೆವಿಕಾಲ್ ನೀರಿನಲ್ಲಿ ಕದಡಿದ ಅಂಟು. ಮರ, ರಟ್ಟು, ಕಾಗದ, ಬಟ್ಟೆಗಳ ಸಣ್ಣ ಸಣ್ಣ ರಂಧ್ರಗಳಿಗೆ ಇಳಿದು, ಅಲ್ಲಿ ನೀರು ಆರಿಹೋದ ಮೇಲೆ ಅದಕ್ಕೆ ಹಿಡಿತ ಬರುತ್ತದೆ. ಹೀರುವ ಗುಣವುಳ್ಳ ಎರಡು ಮುಖಗಳ ನಡುವೆ ಅದಕ್ಕೆ ಸಾಟಿಯಾದ ಅಂಟು ಇಲ್ಲ. ನುಣುಪಾದ ತಗಡಿನ ಮೇಲಾದರೋ ಅದು ಇಳಿಯಲು ದಾರಿಯಿಲ್ಲದೆ ಬರಿಯ ಪೊರೆಯಾಗಿ ಕೂರುತ್ತದೆ, ಉಗುರು ತಾಗಿದರೆ ಎದ್ದು ಬರುತ್ತದೆ. ಗ್ಲೂ ಗನ್ನಿನ ಕಡ್ಡಿ ಕಾಯಿಸಿದರೆ ಕರಗುವ ವಸ್ತುವಾದ್ದರಿಂದ ಮತ್ತೆ ಕಾದಾಗ ಮತ್ತೆ ಮೆತ್ತಗಾಗುವುದು ಅದರ ಸ್ವಭಾವ. ನೆರಳಿನಲ್ಲಿಯೇ 40 ಡಿಗ್ರಿ ದಾಟುವ ನಿಮ್ಮೂರಿನ ಬೇಸಿಗೆಯಲ್ಲಿ ಪತ್ರಾಸಿನ ಕೆಳಗಿನ ಗೋಡೆ ಅದಕ್ಕಿಂತಲೂ ಹೆಚ್ಚು ಕಾಯುತ್ತದೆ. ಅಲ್ಲಿ ಆ ಅಂಟನ್ನು ನಂಬುವಂತಿಲ್ಲ.

ಕೀಲಿಕೈ, ನಟ್ಟು, ಬಿರಡೆಗಳಂತಹ ಲೋಹದ ವಸ್ತುಗಳಿಗೆ ಅರಾಲ್ಡೈಟ್‌ನಂತಹ ಎರಡು ಟ್ಯೂಬಿನ ಅಂಟು ಸರಿಯಾದುದು. ಮೊದಲು ಅಂಟಿಸುವ ಮುಖವನ್ನು ಒರಟು ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವಂತೆ ಉಜ್ಜಿ, ಎಣ್ಣೆಯ ಜಿಡ್ಡು ಉಳಿಯದಂತೆ ಸ್ಪಿರಿಟ್‌ನಲ್ಲಿ ಒರೆಸಿ, ಎರಡೂ ಟ್ಯೂಬುಗಳ ಅಂಟನ್ನು ಪೊಟ್ಟಣದ ಮೇಲೆ ಹೇಳಿದ ಪ್ರಮಾಣದಲ್ಲಿ ಚೆನ್ನಾಗಿ ಕಲಸಿ ಹಚ್ಚಿ, ಒಂದು ದಿನವಿಡೀ ಅಲುಗಾಡಿಸದೆ ಬಿಡಬೇಕು. ತುಕ್ಕು ಹಿಡಿದ ವಸ್ತುವಾಗಿದ್ದರೆ ಸಡಿಲವಾದ ತುಕ್ಕನ್ನು ತಂತಿಯ ಬ್ರಷ್‌ನಿಂದ ಉದುರಿಸದೆ ಅಂಟಿಸಿದಾಗ ಅಂಟು ಹಿಡಿಯುವುದು ತುಕ್ಕಿನ ಪುಡಿಯನ್ನೇ ಹೊರತು ಕಬ್ಬಿಣವನ್ನಲ್ಲ.

ನೀರಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳಗಳ ವಿಷಯ ಬೇರೆ. ಅವು ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಎಂಬ ಮೇಣದಂತಹ ಮೈಯುಳ್ಳ ಪ್ಲಾಸ್ಟಿಕ್ಕಿನಿಂದ ಆದವು. ಅಂಗಡಿಯಲ್ಲಿ ಸಿಗುವ ಯಾವ ಸಾಮಾನ್ಯ ಅಂಟೂ ಅವುಗಳನ್ನು ಬಹುಕಾಲ ಹಿಡಿದಿಡುವುದಿಲ್ಲ. ಇಲ್ಲಿ ಅಂಟನ್ನು ಬಿಟ್ಟು ಕಟ್ಟುವ ವಿಧಾನಕ್ಕೆ ಬನ್ನಿ. ಮುಚ್ಚಳಕ್ಕೆ ಎರಡು ರಂಧ್ರ, ಅದೇ ಅಂತರದಲ್ಲಿ ಪ್ಲೈವುಡ್ಡಿಗೆ ಎರಡು ರಂಧ್ರವನ್ನು ಕೈ ಡ್ರಿಲ್ಲಿನಿಂದ ಕೊರೆದು, ತೆಳುವಾದ ತಾಮ್ರದ ತಂತಿಯನ್ನು ತೂರಿಸಿ ಹಿಂಬದಿಯಲ್ಲಿ ತಿರುಚಿಬಿಡಿ. ಪಂಪ್‌ಸೆಟ್ ಮೋಟಾರಿಗೆ ವೈಂಡಿಂಗ್ ಮಾಡುವ ಅಂಗಡಿಗಳಲ್ಲಿ ಸುಟ್ಟ ತಂತಿಯ ತುಂಡುಗಳು ಉಳಿದಿರುತ್ತವೆ. ಅವು ಗುಜರಿಗೆ ಹೋಗುವ ಮುನ್ನ ಕೇಳಿ ಪಡೆಯಬಹುದು. ಕಾಯಿಸಿದ ಮೊಳೆಯಿಂದ ಪ್ಲಾಸ್ಟಿಕ್ಕಿಗೆ ತೂತು ಮಾಡುವ ರೂಢಿ ನಮ್ಮಲ್ಲಿದೆ, ಅದನ್ನು ಮಾಡಬೇಡಿ. ಸುಟ್ಟ ಪ್ಲಾಸ್ಟಿಕ್ಕಿನ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು.

ನಾನು ಎಲ್ಲರಿಗೂ ಹೇಳುವುದು ಇದನ್ನೇ: ಎರಡು ವಸ್ತುಗಳನ್ನು ಕೈಗೆತ್ತಿಕೊಂಡಾಗ ಮೊದಲು ಇವನ್ನು ಹೊಲಿಯಬಹುದೇ, ಕಟ್ಟಬಹುದೇ, ಮೊಳೆ ಹೊಡೆಯಬಹುದೇ, ಒಂದರೊಳಗೆ ಇನ್ನೊಂದನ್ನು ಸಿಕ್ಕಿಸಬಹುದೇ ಎಂದು ನೋಡಿ. ಯಾವುದೂ ಆಗದಿದ್ದಾಗ ಅಂಟಿಗೆ ಬನ್ನಿ. ಕಟ್ಟಿದ ತಂತಿ, ಹೊಲಿದ ದಾರ ಕಣ್ಣಿಗೆ ಕಾಣುತ್ತವೆ ಎಂಬ ಅಳುಕು ಬೇಡ. ಅವು ಕಾಣಲಿ, ಚಿತ್ರದ ಗೆರೆಗಳಲ್ಲಿ ಅವೂ ಸೇರಲಿ.

ಪ್ರಶ್ನೆ: ನಾನು ದಿನಾಲೂ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವಳು. ಶಕ್ತಿ ಯೋಜನೆ ಬಂದಾಗಿನಿಂದ ಸಿಕ್ಕ ಶೂನ್ಯ ದರದ ಟಿಕೆಟುಗಳನ್ನೆಲ್ಲ ಕೂಡಿಟ್ಟಿದ್ದೇನೆ. ಅವುಗಳನ್ನು ಜೋಡಿಸಿ ಅಂಟಿಸಿ ಒಂದು ಕೊಲಾಜ್ ಚಿತ್ರ ಮಾಡುವ ಆಸೆ. ಆದರೆ ಹಳೆಯ ಟಿಕೆಟುಗಳ ಅಕ್ಷರ ಮಾಸಿಹೋಗುತ್ತಿವೆ. ಲ್ಯಾಮಿನೇಶನ್ ಮಾಡಿಸಲೇ?
— ಉದ್ಯೋಗಸ್ಥ ಮಹಿಳೆ, ಆಳಂದ

ಉತ್ತರ: ದಯವಿಟ್ಟು ಲ್ಯಾಮಿನೇಶನ್ ಮಾಡಿಸಬೇಡಿ. ಕಂಡಕ್ಟರರ ಕೈಯಲ್ಲಿರುವ ಯಂತ್ರದಿಂದ ಬರುವ ಟಿಕೆಟಿನಲ್ಲಿ ಶಾಯಿಯೇ ಇರುವುದಿಲ್ಲ. ಬಿಸಿ ತಾಗಿದಲ್ಲಿ ಕಪ್ಪಾಗುವ ರಾಸಾಯನಿಕದ ಲೇಪವನ್ನು ಆ ಕಾಗದಕ್ಕೆ ಮೊದಲೇ ಹಚ್ಚಿರುತ್ತಾರೆ. ಯಂತ್ರದೊಳಗಿನ ಬಿಸಿ ಮೊನೆ ಅಕ್ಷರವನ್ನು ಮೂಡಿಸುತ್ತದೆ. ಲ್ಯಾಮಿನೇಶನ್ ಯಂತ್ರದ ಬಿಸಿಗೆ ಸಿಕ್ಕರೆ ಇಡೀ ಟಿಕೆಟು ಕಪ್ಪಾಗುತ್ತದೆ. ಬಿಸಿಲಿನಲ್ಲಿಟ್ಟರೆ, ಮೆತ್ತಗಿನ ಪ್ಲಾಸ್ಟಿಕ್ ಪಾಕೀಟಿನಲ್ಲಿ ಬಹಳ ದಿನ ಇಟ್ಟರೆ, ಸ್ಪಿರಿಟ್ ಅಥವಾ ಘಾಟು ವಾಸನೆಯ ಅಂಟು ತಾಗಿದರೆ ಅಕ್ಷರಗಳು ಅಳಿಸಿಹೋಗುತ್ತವೆ ಇಲ್ಲವೇ ಕಾಗದ ಕಲೆಯಾಗುತ್ತದೆ. ಬಿಸಿಗೆ ಕಪ್ಪಾಗುವ ಇಂತಹ ಕೆಲವು ಥರ್ಮಲ್ ಕಾಗದಗಳ ಲೇಪದಲ್ಲಿ ಆರೋಗ್ಯಕ್ಕೆ ಹಿತವಲ್ಲದ ಬಿಸ್ಫಿನಾಲ್ ಎಂಬ ರಾಸಾಯನಿಕವೂ ಇರುವುದರಿಂದ, ಅವುಗಳನ್ನು ತುಂಬ ಹೊತ್ತು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ಅಕ್ಷರ ಉಳಿಯಲೇಬೇಕೆಂದಾದರೆ ಟಿಕೆಟುಗಳನ್ನು ಹಾಳೆಯೊಂದರ ಮೇಲೆ ಒತ್ತಾಗಿ ಜೋಡಿಸಿ ಇಂದೇ ಜೆರಾಕ್ಸ್ ಮಾಡಿಸಿ. ಜೆರಾಕ್ಸಿನ ಪುಡಿಗೆ ಕಪ್ಪು ಬಣ್ಣ ಕೊಡುವುದು ಇಂಗಾಲವಾದ್ದರಿಂದ ಅದು ಬೆಳಕಿಗೆ ಮಾಸುವುದಿಲ್ಲ. ಇಂಕ್‌ಜೆಟ್ ಪ್ರಿಂಟರಿನ ಬಣ್ಣಕ್ಕೆ ಆ ಭರವಸೆಯಿಲ್ಲ. ಆ ಪ್ರತಿಗಳನ್ನು ಕತ್ತರಿಸಿ ಕೊಲಾಜಿಗೆ ಬಳಸಿ, ಮೂಲ ಟಿಕೆಟುಗಳನ್ನು ಕಾಗದದ ಲಕೋಟೆಯಲ್ಲಿ ಕತ್ತಲೆಯಲ್ಲಿಡಿ. ಇನ್ನೊಂದು ದಾರಿಯೂ ಇದೆ, ನನಗೆ ಹೆಚ್ಚು ಮೆಚ್ಚುಗೆಯಾದುದು ಅದೇ: ಈಗಾಗಲೇ ಮಾಸಿದವುಗಳನ್ನು ಮಾಸಿದಂತೆಯೇ ಬಳಸಿ, ಪೂರ್ತಿ ಬಿಳಿಚಿಕೊಂಡ ಟಿಕೆಟಿನಿಂದ ಇನ್ನೂ ಸ್ಪಷ್ಟವಾಗಿರುವ ಟಿಕೆಟಿನವರೆಗೆ ಸಾಲಾಗಿ ಜೋಡಿಸಿ. ನೀವು ಓಡಾಡಿದ ಕಾಲ ಆ ಸಾಲಿನಲ್ಲಿ ತಾನಾಗಿ ಕಾಣುತ್ತದೆ. ಅವುಗಳನ್ನು ಅಂಟಿಸುವ ಬದಲು ತೆಳುವಾದ ಹತ್ತಿ ಬಟ್ಟೆಗೆ ಉದ್ದ ಟಾಕಿಯಲ್ಲಿ ಹೊಲಿದರೆ ರಾಸಾಯನಿಕದ ಕಾಟವೇ ಇರುವುದಿಲ್ಲ.

ಟಿಕೆಟಿನಿಂದ ಚಿತ್ರವಾಗುತ್ತದೆಯೇ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ಜರ್ಮನಿಯ ಹ್ಯಾನೋವರ್ ನಗರದ ಕುರ್ಟ್ ಶ್ವಿಟರ್ಸ್ ಎಂಬ ಕಲಾವಿದ ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಿಂದ, ಟ್ರಾಮ್ ಟಿಕೆಟು, ಹರಿದ ಲೇಬಲ್ಲು, ಮರದ ಚೂರುಗಳನ್ನು ಕೂಡಿಸಿ ಮಾಡಿದ ಸಣ್ಣ ಸಣ್ಣ ಕೊಲಾಜುಗಳು ಇಂದು ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿವೆ ಎಂದು ಹೇಳಿ.

ಪ್ರಶ್ನೆ: ನಮ್ಮ ಶಾಲೆಯ ಸುತ್ತ ಫರಸಿ ಕಲ್ಲಿನ ಪಾಲಿಶ್ ಘಟಕಗಳಿವೆ. ಕಲ್ಲಿನ ಚೂರು, ಬೂದು ಬಣ್ಣದ ಕೆಸರು ರಾಶಿ ಬಿದ್ದಿರುತ್ತದೆ. ಬಣ್ಣ, ಕ್ಯಾನ್ವಾಸ್ ಕೊಳ್ಳಲು ನಮ್ಮ ಮಕ್ಕಳಿಗೆ ಆಗುವುದಿಲ್ಲ. ಇದರಿಂದ ಏನಾದರೂ ಮಾಡಿಸಬಹುದೇ?
— ಪ್ರಾಥಮಿಕ ಶಾಲೆಯ ಶಿಕ್ಷಕಿ, ಶಹಾಬಾದ್

ಉತ್ತರ: ನಿಮ್ಮ ಪತ್ರ ಓದಿ ತುಂಬ ಸಂತೋಷವಾಯಿತು, ಏಕೆಂದರೆ ಕಲಾವಿದರು ಹಣ ಕೊಟ್ಟು ಕೊಳ್ಳುವ ವಸ್ತುವೊಂದು ನಿಮ್ಮ ಶಾಲೆಯ ಪಕ್ಕದಲ್ಲೇ ಬಿದ್ದಿದೆ. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಅದರ ಮುಖ್ಯ ಅಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಯುರೋಪಿನ ಚಿತ್ರಕಾರರು ಹಲಗೆಯ ಮೇಲೆ ಬಣ್ಣ ಹಚ್ಚುವ ಮುನ್ನ ಬಳಿಯುತ್ತಿದ್ದ ಜೆಸೊ ಎಂಬ ಬಿಳಿಯ ಲೇಪವನ್ನು ಹಲವೆಡೆ ಸೀಮೆಸುಣ್ಣದ ಪುಡಿಗೆ ಅಂಟು ಕೂಡಿಸಿಯೇ ಮಾಡುತ್ತಿದ್ದರು, ಮತ್ತು ಆ ನೈಸರ್ಗಿಕ ಸೀಮೆಸುಣ್ಣವೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ನಿಮ್ಮೂರಿನ ಪುಡಿಯಿಂದ ಆಗುವ ಲೇಪ ಬಿಳಿಯಾಗಿರದೆ ಬೂದಾಗಿರುತ್ತದೆ. ಅದು ಕೊರತೆಯಲ್ಲ, ಬೂದು ನೆಲದ ಮೇಲೆ ಬಿಳಿಯೂ ಕಪ್ಪೂ ಎರಡೂ ಎದ್ದು ಕಾಣುತ್ತವೆ.

ಮಾಡುವ ಕ್ರಮ ಹೀಗೆ. ಒಣಗಿದ ಪುಡಿಯನ್ನು ಗಾಳಿಗೆ ಹಾರಿಸಬೇಡಿ, ಆ ಧೂಳು ಮಕ್ಕಳ ಮೂಗಿಗೆ ಹೋಗಬಾರದು. ಕೆಸರನ್ನು ಬಕೆಟಿನ ನೀರಿನಲ್ಲಿ ಕದಡಿ, ಕ್ಷಣಕಾಲ ಬಿಟ್ಟರೆ ಮರಳು, ಚೂರುಗಳು ತಳ ಸೇರುತ್ತವೆ. ಮೇಲಿನ ಕದಡಿದ ನೀರನ್ನು ಮಾತ್ರ ತೆಳುವಾದ ಬಟ್ಟೆಯಲ್ಲಿ ಸೋಸಿ ಬೇರೆ ಬಕೆಟಿಗೆ ಸುರಿಯಿರಿ. ರಾತ್ರಿಯಿಡೀ ಬಿಟ್ಟು ಬೆಳಗ್ಗೆ ತಿಳಿನೀರನ್ನು ಬಸಿದರೆ ತಳದಲ್ಲಿ ಬೆಣ್ಣೆಯಂತಹ ನುಣುಪಾದ ಮುದ್ದೆ ಉಳಿಯುತ್ತದೆ. ಈ ಕೆಲಸವನ್ನು ದೊಡ್ಡವರೇ ಮಾಡಿ ಮುದ್ದೆಯನ್ನು ಮಕ್ಕಳಿಗೆ ಕೊಡಿ. ಎರಡು ಪಾಲು ಮುದ್ದೆಗೆ ಒಂದು ಪಾಲು ಫೆವಿಕಾಲ್ ಕೂಡಿಸಿ, ಬ್ರಷ್ಷಿಗೆ ಹಿಡಿಯುವಷ್ಟು ನೀರು ಬೆರೆಸಿ ರಟ್ಟಿನ ಮೇಲೆ ತೆಳ್ಳಗೆ ಬಳಿಯಿರಿ. ಒಮ್ಮೆ ಅಡ್ಡ, ಆರಿದ ಮೇಲೆ ಒಮ್ಮೆ ಉದ್ದ, ಹೀಗೆ ಮೂರು ನಾಲ್ಕು ಸಲ. ಒಂದೇ ಸಲಕ್ಕೆ ದಪ್ಪ ಬಳಿದರೆ ಒಣಗುವಾಗ ಬಿರುಕು ಬಿಡುತ್ತದೆ. ರಟ್ಟಿನ ಒಂದೇ ಬದಿಗೆ ಬಳಿದರೆ ಅದು ಆ ಕಡೆಗೆ ಬಾಗುವುದರಿಂದ ಹಿಂಬದಿಗೂ ಒಂದು ಸಲ ಬಳಿಯಲೇಬೇಕು.

ಲೇಪ ಇನ್ನೂ ಹಸಿಯಾಗಿರುವಾಗ ತೊಗರಿ ಕಟ್ಟಿಗೆಯ ತುದಿಯಿಂದ ಗೆರೆ ಎಳೆಯಬಹುದು, ಗೋಣಿ ಚೀಲದ ತುಂಡನ್ನು ಒತ್ತಿ ತೆಗೆದು ಅದರ ನೇಯ್ಗೆಯ ಅಚ್ಚನ್ನು ಮೂಡಿಸಬಹುದು, ಕಲ್ಲಿನ ಚಪ್ಪಟೆ ಚೂರುಗಳನ್ನು ಅರ್ಧ ಹೂತು ನಿಲ್ಲಿಸಬಹುದು. ಚೂರುಗಳ ಅಂಚು ಚೂಪಾಗಿರುವುದರಿಂದ ಅವುಗಳನ್ನು ಇನ್ನೊಂದು ಒರಟು ಕಲ್ಲಿಗೆ ನೀರು ಹಾಕಿ ಉಜ್ಜಿ ಮೊಂಡಾಗಿಸಿದ ಮೇಲೆಯೇ ಮಕ್ಕಳ ಕೈಗೆ ಕೊಡಿ. ಕಲ್ಲಿನ ಒಂದು ಚೂರಿನ ಮೇಲೆ ಲಿಂಬೆರಸದ ಹನಿ ಹಾಕಿ, ಅದು ನೊರೆಯಾಡುವುದನ್ನು ಮಕ್ಕಳಿಗೆ ತೋರಿಸಿ. ವಿಜ್ಞಾನದ ಪಾಠವೂ ಆಗುತ್ತದೆ, ಮಾಡಿದ ಕೃತಿಯನ್ನು ಹುಳಿ ತಾಗದಂತೆ ಏಕೆ ಕಾಪಾಡಬೇಕು ಎಂಬುದೂ ತಿಳಿಯುತ್ತದೆ.

ಪ್ರಶ್ನೆ: ತೊಗರಿ, ಹೆಸರು, ಜೋಳದ ಕಾಳುಗಳಿಂದ ಚಿತ್ರ ಮಾಡುತ್ತೇನೆ. ಹುಳ ಬೀಳುತ್ತಿವೆ. ಉಪಾಯವೇನು?
— ಓದುಗರು, ಸೇಡಂ

ಉತ್ತರ: ತಿನ್ನುವ ಕಾಳನ್ನು ಬಿಡುವುದೇ ಉಪಾಯ. ವಾರ್ನಿಶ್ ಬಳಿದರೂ ಕಾಳಿನೊಳಗೆ ಮೊದಲೇ ಇರುವ ಮೊಟ್ಟೆಗಳಿಂದ ಹುಳ ಹೊರಬರಬಹುದು. ನಿಮ್ಮೂರಿನ ದಾಲ್ ಮಿಲ್ಲುಗಳಲ್ಲಿ ಹರಿದ ಗೋಣಿ ಚೀಲಗಳಿರುತ್ತವೆ. ಕಾಳಿನ ಬಣ್ಣಕ್ಕಿಂತ ಗೋಣಿಯ ನಾರು, ಅದರ ಮೇಲಿನ ಮಾಸಿದ ಅಚ್ಚು, ದಬ್ಬಣದಲ್ಲಿ ಹೊಲಿದ ಸುತಳಿಯ ಗುರುತು ಹೆಚ್ಚು ಕಾಲ ಬಾಳುತ್ತವೆ. ಚೀಲವನ್ನು ಬಿಸಿನೀರಿನಲ್ಲಿ ತೊಳೆದು, ಎರಡು ಮೂರು ದಿನ ಕಡು ಬಿಸಿಲಿನಲ್ಲಿ ಒಣಗಿಸಿ ಬಳಸಿ.

ಪ್ರಶ್ನೆ: ಬೀದರ ಕೋಟೆಯ ಮಣ್ಣನ್ನು ತಂಪು ಪಾನೀಯದ ಡಬ್ಬಿಯ ತಗಡಿಗೆ ಹಚ್ಚಿದರೆ ಬಿದ್ರಿಯಂತೆ ಕಪ್ಪಾಗುತ್ತದೆಯೇ? ರದ್ದಿ ತಗಡಿನಿಂದ ಅಗ್ಗದ ಬಿದ್ರಿ ಮಾಡಿ ಮಾರಬೇಕೆಂದಿದ್ದೇನೆ.
— ಕರಕುಶಲ ಆಸಕ್ತರು, ಬೀದರ

ಉತ್ತರ: ಆಗುವುದಿಲ್ಲ. ಬಿದ್ರಿಯ ಪಾತ್ರೆಯನ್ನು ಎರಕ ಹೊಯ್ಯುವುದು ಹೆಚ್ಚು ಸತುವಿಗೆ ಸ್ವಲ್ಪ ತಾಮ್ರ ಬೆರೆತ ಮಿಶ್ರಲೋಹದಲ್ಲಿ. ಉಳಿಯಿಂದ ಗೆರೆ ಕೆತ್ತಿ, ಆ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂಡಿಸಿ, ಉಜ್ಜಿ ಸಮಮಾಡಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಎಂಬ ಲವಣವನ್ನು ನೀರಿನಲ್ಲಿ ಕಲಸಿ ಬೆಚ್ಚಗಿನ ಪಾತ್ರೆಗೆ ಹಚ್ಚುತ್ತಾರೆ. ಕಪ್ಪಾಗುವುದು ಆ ಮಿಶ್ರಲೋಹ ಮಾತ್ರ. ಬೆಳ್ಳಿ ಹಾಗೆಯೇ ಉಳಿಯುತ್ತದೆ. ತಂಪು ಪಾನೀಯದ ಡಬ್ಬಿ ಅಲ್ಯೂಮಿನಿಯಂ. ಅದಕ್ಕೆ ಈ ಗುಣವಿಲ್ಲ. ಕೋಟೆ ಸಂರಕ್ಷಿತ ಸ್ಮಾರಕ. ಅಲ್ಲಿಂದ ಮಣ್ಣನ್ನಾಗಲಿ, ಮಹಮೂದ್ ಗವಾನನ ಮದರಸಾದ ಬಳಿ ಬಿದ್ದಿರಬಹುದಾದ ಹೆಂಚಿನ ಚೂರನ್ನಾಗಲಿ ಕಲೆಯ ಹೆಸರಿನಲ್ಲಿ ಎತ್ತಿ ತರಬಾರದು.

ಮಾರುವ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತ. ಬಿದ್ರಿಗೆ 2006ರಲ್ಲಿ, ಒಂದು ಪ್ರದೇಶದ ವಿಶಿಷ್ಟ ಉತ್ಪನ್ನದ ಹೆಸರನ್ನು ಕಾಯುವ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಸಿಕ್ಕಿದೆ. 2023ರಲ್ಲಿ ಬಿದ್ರಿ ಕುಶಲಕರ್ಮಿ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದಿದೆ. ತಲೆಮಾರುಗಳಿಂದ ಆ ಕೆಲಸವನ್ನು ಉಳಿಸಿಕೊಂಡು ಬಂದವರ ಹೆಸರನ್ನು ಬಣ್ಣ ಬಳಿದ ತಗಡಿಗೆ ಕೊಟ್ಟು ಮಾರುವುದು ಅನ್ಯಾಯ, ಅದನ್ನು ಮಾಡಬೇಡಿ. ಬಿದ್ರಿಯಿಂದ ನೀವು ಪಡೆಯಬೇಕಾದದ್ದು ಅದರ ಕೂಡಿಕೆಯ ಕ್ರಮವನ್ನು. ದಪ್ಪ ರಟ್ಟಿಗೆ ಕಪ್ಪು ಬಣ್ಣ ಬಳಿದು, ಬ್ಲೇಡಿನಿಂದ ಕಾಲುವೆಯಂತೆ ಗೆರೆ ಕೊರೆದು ಮೇಲಿನ ಪದರ ಎಬ್ಬಿಸಿ, ಮಾತ್ರೆಯ ಪಟ್ಟಿಯ ಹಿಂಬದಿಯ ಬೆಳ್ಳಿ ಬಣ್ಣದ ಹಾಳೆಯನ್ನು ಸಣ್ಣಗೆ ಸುತ್ತಿ ಅದರೊಳಗೆ ಒತ್ತಿ ಕೂರಿಸಿ. ಮೇಲೆ ಅಂಟಿಸಿದ ಹಾಳೆಗೂ ಒಳಗೆ ಕೂತ ಹಾಳೆಗೂ ಇರುವ ವ್ಯತ್ಯಾಸ ಕೂಡಲೇ ಕಾಣುತ್ತದೆ. ಇದೇ ಕ್ರಮದ ಇನ್ನೊಂದು ದೊಡ್ಡ ಮಾದರಿ ನಿಮ್ಮ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿದೆ. ನುಣುಪಾದ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂಡಿಸಿದ ಆ ಕೆಲಸವನ್ನು ಹತ್ತಿರದಿಂದ, ಮುಟ್ಟದೆ, ಸಾವಕಾಶವಾಗಿ ನೋಡಿ ಬನ್ನಿ.

ಪ್ರಶ್ನೆ: ನಾನು ಮಾಡಿದ್ದನ್ನು ನೋಡಿದವರು "ಗುಜರಿ ಅಂಗಡಿ ಇದ್ದಂಗ ಅದ" ಎನ್ನುತ್ತಾರೆ. ಬಳೆ ಚೂರು, ಗುಂಡಿ, ಲಗ್ನಪತ್ರಿಕೆ, ಗಡಿಯಾರದ ಹಲ್ಲುಗಾಲಿ, ಎಲ್ಲವನ್ನೂ ಚೆನ್ನಾಗಿಯೇ ಅಂಟಿಸಿರುತ್ತೇನೆ. ಕೊರತೆ ಎಲ್ಲಿ?
— ಗೃಹಿಣಿ, ಸುರಪುರ

ಉತ್ತರ: ಕೊರತೆ ಇರುವುದು ನೀವು ಬಿಟ್ಟಿರುವುದರಲ್ಲಿ ಅಲ್ಲ, ಬಿಡದೇ ಇರುವುದರಲ್ಲಿ. ಅಂಗೈಯಗಲದ ಜಾಗದಲ್ಲಿ ಏಳೆಂಟು ಬಗೆಯ ವಸ್ತುಗಳು ಒಟ್ಟಿಗೆ ಮಾತನಾಡತೊಡಗಿದರೆ ಯಾವುದರ ಮಾತೂ ಕೇಳಿಸುವುದಿಲ್ಲ. ಮೇಲೆ ಹೇಳಿದ ರಂಗೀನ್ ಮಹಲಿನ ಕೆಲಸದಲ್ಲಿ ಕಣ್ಣು ನಿಲ್ಲುವುದು ಕಲ್ಲು, ಚಿಪ್ಪು ಎಂಬ ಎರಡೇ ವಸ್ತುಗಳ ಮೇಲೆ. 1912ರಲ್ಲಿ ಪಿಕಾಸೊ ಕೊಲಾಜಿನ ಇತಿಹಾಸದಲ್ಲಿ ಮೊದಲ ಸಾಲಿಗೆ ಸೇರಿದ ತನ್ನ ಸಣ್ಣ ಚಿತ್ರಕ್ಕೆ ಹೊರಗಿನಿಂದ ತಂದದ್ದು ಬೆತ್ತದ ಕುರ್ಚಿಯ ನೇಯ್ಗೆ ಅಚ್ಚಾದ ಮೇಣಬಟ್ಟೆಯ ತುಂಡು ಮತ್ತು ಚೌಕಟ್ಟಿನ ಬದಲಿಗೆ ಸುತ್ತಿದ ಹಗ್ಗ, ಅಷ್ಟೇ. ಬಳೆ ಚೂರುಗಳ ಮಟ್ಟಿಗೆ ನಮ್ಮ ದೇಶದಲ್ಲಿಯೇ ದೊಡ್ಡ ಉದಾಹರಣೆಯಿದೆ: ಚಂಡೀಗಢದಲ್ಲಿ ರಸ್ತೆ ಮೇಲ್ವಿಚಾರಕರಾಗಿದ್ದ ನೇಕ್ ಚಂದ್ ಅವರು ಯಾರಿಗೂ ಹೇಳದೆ ವರ್ಷಗಟ್ಟಲೆ ಕಟ್ಟಿದ, 1976ರಲ್ಲಿ ಸಾರ್ವಜನಿಕರಿಗೆ ತೆರೆದ ರಾಕ್ ಗಾರ್ಡನ್ನಿನಲ್ಲಿ ಗೊಂಬೆಗಳ ಮೈತುಂಬ ಒಡೆದ ಬಳೆಗಳಿವೆ. ಅಲ್ಲಿ ಬಳೆ ಚೂರು ಅಲ್ಲೊಂದು ಇಲ್ಲೊಂದು ಹೊಳೆಯುವ ಅಲಂಕಾರವಾಗಿರದೆ, ಒತ್ತಾಗಿ ಸೇರಿ ಆ ಗೊಂಬೆಯ ಉಡುಪೇ ಆಗಿದೆ.

ನೀವು ಹೀಗೆ ಮಾಡಿ ನೋಡಿ. ಒಂದು ಕೃತಿಗೆ ಎರಡು, ಹೆಚ್ಚೆಂದರೆ ಮೂರು ಬಗೆಯ ವಸ್ತುಗಳನ್ನು ತೆಗೆದುಕೊಳ್ಳಿ, ಅವುಗಳಲ್ಲಿ ಒಂದು ಉಳಿದೆಲ್ಲಕ್ಕಿಂತ ಹೆಚ್ಚಿನ ಜಾಗ ಹಿಡಿಯಲಿ. ಬಳೆ ಚೂರಿದ್ದರೆ ಗುಂಡಿಯನ್ನು ಮುಂದಿನ ಕೃತಿಗೆ ಎತ್ತಿಡಿ. ಕಾಲು ಭಾಗವನ್ನಾದರೂ ಖಾಲಿ ಬಿಡಿ. ಅಂಟು ಹಚ್ಚದೆ ಎಲ್ಲವನ್ನೂ ಜೋಡಿಸಿ ಮೊಬೈಲಿನಲ್ಲಿ ಫೋಟೋ ತೆಗೆದು, ಅದನ್ನು ಕಪ್ಪುಬಿಳುಪಾಗಿಸಿ ನೋಡಿ. ಬಣ್ಣದ ಮೋಹ ಹೋದ ಮೇಲೆ ಎಲ್ಲಿ ಗಿಜಿಗಿಜಿ ಇದೆ, ಎಲ್ಲಿ ಕಣ್ಣಿಗೆ ದಾರಿಯಿದೆ ಎಂಬುದು ತಿಳಿಯುತ್ತದೆ. ಹಾಗೆಯೇ ಒಂದು ರಾತ್ರಿ ಬಿಟ್ಟು, ಮರುದಿನ ಒಂದೊಂದೇ ವಸ್ತುವನ್ನು ತೆಗೆಯುತ್ತ ಹೋಗಿ. ಯಾವುದನ್ನು ತೆಗೆದಾಗ ಚಿತ್ರ ಕುಸಿಯುತ್ತದೋ ಅಲ್ಲಿ ನಿಲ್ಲಿಸಿ, ಅದನ್ನು ಮರಳಿ ಇಟ್ಟು ಅಂಟಿಸಿ.

ಪ್ರಶ್ನೆ: ಹಳೆಯ ಮೊಬೈಲು, ರೇಡಿಯೊ, ಟ್ಯೂಬ್‌ಲೈಟುಗಳನ್ನು ಬಿಚ್ಚಿ ಬಳಸಬಹುದೇ?
— ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: ರೇಡಿಯೊದ ಗುಂಡಿ, ಸ್ಪೀಕರಿನ ಜಾಲರಿ, ಮೊಬೈಲಿನ ಹೊರಕವಚ ಬಳಸಬಹುದು. ಟ್ಯೂಬ್‌ಲೈಟ್, ಸಿಎಫ್ಎಲ್ ಬಲ್ಬುಗಳಲ್ಲಿ ಪಾದರಸವಿದೆ, ಒಡೆಯಲೇಬಾರದು. ಬ್ಯಾಟರಿಯನ್ನು ಬಿಚ್ಚಬಾರದು, ಚುಚ್ಚಬಾರದು. ಮೊಬೈಲಿನ ಬ್ಯಾಟರಿ ಹೊತ್ತಿಕೊಳ್ಳುತ್ತದೆ. ಸರ್ಕ್ಯೂಟ್ ಬೋರ್ಡನ್ನು ಇಡಿಯಾಗಿ ಬಳಸಿ. ಹಳೆಯ ಬೆಸುಗೆಯಲ್ಲಿ ಸೀಸವಿರುವುದರಿಂದ ಕತ್ತರಿಸುವುದು, ಉಜ್ಜುವುದು, ಕಾಯಿಸುವುದು ಬೇಡ.

ಪ್ರಶ್ನೆ: ತೀರಿಹೋದ ನಮ್ಮ ಅವ್ವ ಹೊಲಿದ ಕೌದಿ ಒಂದಿದೆ. ಅಂಚೆಲ್ಲ ಹರಿದಿದೆ, ಹೊದೆಯಲು ಬರುವುದಿಲ್ಲ. ನಾವು ನಾಲ್ವರು ಮಕ್ಕಳು. ಅದನ್ನು ಕತ್ತರಿಸಿ ನಾಲ್ಕು ಮನೆಗೂ ಒಂದೊಂದು ಪುಟ್ಟ ಕಲಾಕೃತಿ ಮಾಡಬೇಕೆಂದು ತಂಗಿ ಹೇಳುತ್ತಾಳೆ. ಕತ್ತರಿ ಹಾಕಲು ನನಗೆ ಕೈ ಬರುತ್ತಿಲ್ಲ.
— ಓದುಗರು, ಭಾಲ್ಕಿ

ಉತ್ತರ: ಕೌದಿ ಎಂಬುದೇ ಹರಿದ ಸೀರೆ, ಧೋತರ, ಅಂಗಿಗಳನ್ನು ಕತ್ತರಿಸಿ ಕೂಡಿಸಿದ್ದು. ನಿಮ್ಮ ಅವ್ವ ಅದಕ್ಕಾಗಿ ಎಷ್ಟೋ ಬಟ್ಟೆಗೆ ಕತ್ತರಿ ಹಾಕಿರುತ್ತಾರೆ; ಆದ್ದರಿಂದ ನಿಮ್ಮ ತಂಗಿಯ ಮಾತಿನಲ್ಲಿ ಅಗೌರವವಿಲ್ಲ. ಆದರೆ ಗಟ್ಟಿಯಾಗಿ ಉಳಿದಿರುವ ನಡುಭಾಗವನ್ನು ಕತ್ತರಿಸಬೇಡಿ. ಅದನ್ನು ಇಡಿಯಾಗಿ ಒಬ್ಬರ ಮನೆಯಲ್ಲಿ ಮಡಿಸಿಡಿ, ವರ್ಷಕ್ಕೊಮ್ಮೆ ಇನ್ನೊಬ್ಬರ ಮನೆಗೆ ಹೋಗಲಿ. ಕೃತಿಗಳನ್ನು ಹರಿದ ಅಂಚುಗಳಿಂದ ಮಾಡಿ. ಕತ್ತರಿಸುವ ಮುನ್ನ ಇಡೀ ಕೌದಿಯ ಫೋಟೋವನ್ನು ಹಗಲಿನ ಬೆಳಕಿನಲ್ಲಿ ತೆಗೆದಿಟ್ಟುಕೊಳ್ಳಿ. ಆಮೇಲೆ ಕತ್ತರಿಸಬೇಕಾದ ಗೆರೆಯ ಎರಡೂ ಬದಿಗೆ ಮೊದಲೇ ಒಂದು ಸಾಲು ಹೊಲಿಗೆ ಹಾಕಿ, ಇಲ್ಲವಾದರೆ ಅವ್ವನ ಟಾಕಿಗಳು ಕತ್ತರಿಸಿದಲ್ಲಿಂದ ಬಿಚ್ಚುತ್ತ ಹೋಗುತ್ತವೆ.

ಬಟ್ಟೆಯನ್ನು ರಟ್ಟಿಗೆ ಅಂಟಿಸಬೇಡಿ. ಅಂಟು ನಾರಿನೊಳಗೆ ಇಳಿದು ಬಟ್ಟೆಯನ್ನು ಬಿರುಸಾಗಿಸಿ, ವರ್ಷಗಳು ಕಳೆದಂತೆ ಕಲೆ ಮೂಡಿಸುತ್ತದೆ. ತೊಳೆದು ಗಂಜಿ ತೆಗೆದ ಬಿಳಿಯ ಹತ್ತಿ ಬಟ್ಟೆಯನ್ನು ರಟ್ಟಿನ ಮೇಲೆ ಬಿಗಿದು, ಕೌದಿಯ ತುಂಡನ್ನು ಅದಕ್ಕೆ ಸಡಿಲ ಟಾಕಿಯಲ್ಲಿ ಹೊಲಿಯಿರಿ. ಅವ್ವನ ಕುಂಕುಮದ ಡಬ್ಬಿಯ ಮುಚ್ಚಳವನ್ನೋ ಕೀಲಿಕೈಯನ್ನೋ ಜೊತೆಗೆ ಇಡುವ ಮನಸ್ಸಿದ್ದರೆ ಅದನ್ನೂ ದಾರದಲ್ಲೇ ಕಟ್ಟಿ. ಆದರೆ ಕಬ್ಬಿಣದ ವಸ್ತು ಬಟ್ಟೆಗೆ ನೇರವಾಗಿ ತಾಗಿದರೆ ತುಕ್ಕಿನ ಕಲೆಯಾಗುತ್ತದೆ, ನಡುವೆ ಸಣ್ಣ ಕಾಗದದ ತುಂಡಿರಲಿ. ಚೌಕಟ್ಟಿಗೆ ಗಾಜು ಹಾಕಿಸುವಾಗ ಅದು ಬಟ್ಟೆಗೆ ಒತ್ತದಂತೆ ಸುತ್ತಲೂ ಮರದ ತೆಳು ಪಟ್ಟಿ ಕೂರಿಸಲು ಬಡಗಿಗೆ ಹೇಳಿ, ಮತ್ತು ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಅವ್ವನ ಹೆಸರು, ಊರು, ಯಾವ ತುಂಡು ಯಾರ ಸೀರೆಯದು ಎಂಬುದನ್ನೆಲ್ಲ ಹಿಂಬದಿಯ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನ ಶಾಯಿ ಮಳೆಗಾಲದ ತೇವಕ್ಕೆ ಹರಡುತ್ತದೆ.